ಹಿತ್ತಿಲ ಬಾಗಿಲು ಮುಚ್ಚಿದ್ದಕ್ಕೆ ಪ್ರಮಾಣಪತ್ರ

೨೦೧೬ ಜನವರಿ ೩, ಭಾನುವಾರ

ದಿನಚರಿ ಶುರು ಮಾಡುವುದಕ್ಕೆ ಹೊಸ ವರ್ಷ ಕಾರಣವಲ್ಲ, ರಕ್ತದೊತ್ತಡ ಕಾರಣ. ಈ ಕೊಲ್ಲಿ ದೇಶದಲ್ಲಿ ನಾವಿರುವ ರೂವಿಯ ಡಾಕ್ಟರು, "ಆಫೀಸಿನಲ್ಲಿ ಕೂಗಬೇಡಿ, ಮನೆಗೆ ಬಂದು ಬರೆಯಿರಿ" ಎಂದರು. ಕೂಗೋಣವೆಂದರೂ ಆಫೀಸಿನಲ್ಲಿ ಜನ ಎಲ್ಲಿದ್ದಾರೆ? ಎಣ್ಣೆಯ ಬೆಲೆ ಬಿದ್ದ ಮೇಲೆ ಹನ್ನೊಂದು ಜನರಿದ್ದ ಕಂಪನಿ ಮೂವರಿಗೆ ಇಳಿದಿದೆ. ಮ್ಯಾನೇಜರ್ ಅಬ್ದುಲ್ಲಾ, ಮಿಕ್ಕೆಲ್ಲ ಹುದ್ದೆಗಳನ್ನೂ ಒಬ್ಬರೇ ಹೊತ್ತಿರುವ ಮಂಗಳೂರಿನ ರೋಸಲಿಂಡ್, ಮತ್ತು ಮೈಸೂರಿನ ರಾಜಗೋಪಾಲನಾದ ನಾನು. ಕುರ್ಚಿಗಳು ಮಾತ್ರ ಹನ್ನೊಂದೂ ಇವೆ.

ಎಣ್ಣೆಬಾವಿಗಳ ಒತ್ತಡವನ್ನು ಓದಿ ವರದಿ ಕೊಡುವ ಸಾಫ್ಟ್‌ವೇರ್ ನಮ್ಮದು. ಬಾವಿಯ ಒತ್ತಡಕ್ಕೆ ನಾವು, ನನ್ನ ಒತ್ತಡಕ್ಕೆ ಡಾಕ್ಟರು. ನಮಗೆ ಉಳಿದಿರುವ ಗಿರಾಕಿ ಒಂದೇ ಒಂದು ಎಣ್ಣೆ ಕಂಪನಿ. ಅವರು ಹೊಸ ಸರ್ವರ್ ತಂದಿದ್ದಾರೆ. ಹಾಗಾಗಿ ನಮ್ಮ ಸಾಫ್ಟ್‌ವೇರನ್ನು ಮೂಲ ಕೋಡಿನಿಂದ ಮತ್ತೆ ಕಟ್ಟಿಕೊಡಬೇಕು. ಬೆಳಿಗ್ಗೆ ಅಬ್ದುಲ್ಲಾ ನನ್ನ ಎದುರು ಕೂತು ಹೇಳಿದರು: "ರಾಜಾ, ಫೆಬ್ರವರಿ ಇಪ್ಪತ್ತೈದಕ್ಕೆ ಕೊಟ್ಟರೆ ಇನ್ನೊಂದು ವರ್ಷದ ಕಾಂಟ್ರ್ಯಾಕ್ಟ್. ಕೊಡದಿದ್ದರೆ ಖಲಾಸ್, ಬೀಗ."

ನನಗೆ ಬೇಕಾಗಿರುವುದೂ ಸರಿಯಾಗಿ ಒಂದೇ ವರ್ಷ. ಮಗಳು ಮಾನಸ ಏಪ್ರಿಲಿನಲ್ಲಿ ಹತ್ತನೇ ತರಗತಿಗೆ ಬರುತ್ತಾಳೆ. ಬೋರ್ಡಿಗೆ ಹೆಸರು ಇಲ್ಲಿನ ಶಾಲೆಯಿಂದಲೇ ಹೋಗಿದೆ. ನನ್ನ ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಹುಡುಗಿ ಪರೀಕ್ಷೆಯ ವರ್ಷದಲ್ಲಿ ಊರು, ಶಾಲೆ, ಗೆಳತಿಯರು ಎಲ್ಲವನ್ನೂ ಬಿಟ್ಟು ಹೊರಡಬೇಕು.

ಕಷ್ಟ ಏನೆಂದರೆ, ಇದನ್ನು ಆರು ವರ್ಷದಿಂದ ಕಟ್ಟುತ್ತಿದ್ದವನು ಸಿಪ್ರಿಯನ್. ಅವನನ್ನು ಡಿಸೆಂಬರಿನಲ್ಲಿ ಕಳಿಸಿದರು. ಅವನ ಕಂಪ್ಯೂಟರನ್ನೂ ಒರೆಸಿ ಯಾರಿಗೋ ಕೊಟ್ಟಾಯಿತು.

ಜನವರಿ ೫, ಮಂಗಳವಾರ

ಹೆಂಡತಿ ನೀರಜಾ ಕೇಳಿದಳು: "ಕೋಡು ಇದೆ ಅಂತೀರಿ, ಮತ್ತೆ ಕಟ್ಟೋದಕ್ಕೇನ್ರೀ ಕಷ್ಟ?"

ಅಡುಗೆಮನೆಯಲ್ಲೇ ನಿಂತು ವಿವರಿಸಿದೆ. ಸಾರು ನಮ್ಮದು. ಆದರೆ ಸಾರಿನ ಪುಡಿ, ಇಂಗು, ಹುಣಸೆಹಣ್ಣು ಎಲ್ಲ ಬೇರೆಯವರು ಮಾಡಿದ್ದು. ಅವಕ್ಕೆ ಲೈಬ್ರರಿ ಎನ್ನುತ್ತೇವೆ. ಯಾವ ಡಬ್ಬ ಯಾವ ಶೆಲ್ಫಿನಲ್ಲಿದೆ ಎಂದು ಚೀಟಿ ಬರೆದಿಟ್ಟರೆ ಕಂಪ್ಯೂಟರ್ ತಾನೇ ತೆಗೆದುಕೊಂಡು ಕಟ್ಟುತ್ತದೆ. ಚೀಟಿಯಲ್ಲಿ ಒಂದಕ್ಷರ ತಪ್ಪಿದರೂ ಡಬ್ಬ ಮುಂದೆಯೇ ಇದ್ದರೂ ಕೈಹಾಕುವುದಿಲ್ಲ.

"ನಿಮ್ಮ ಹಾಗೇ" ಎಂದಳು ನೀರಜಾ. ನಮ್ಮ ಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದವನು ನಾನು.

ಇಂದು ಸಿಪ್ರಿಯನ್ನನ ಚೀಟಿಗಳನ್ನು ನೋಡಿದೆ. ಆ ಮಹಾನುಭಾವ ಶೆಲ್ಫುಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದಾನೆ, ಇಂಗ್ಲಿಷ್ ಅಕ್ಷರಗಳಲ್ಲಿ. ಆಚೆ, ಈಚೆ, ಅಲ್ಲಿ, ಇಲ್ಲಿ. ಇವು ವಿಳಾಸವೇ? ಅದೂ ಒಂದು ಕಡೆ ache, ಇನ್ನೊಂದು ಕಡೆ aache, ಮೂರನೆಯ ಕಡೆ aacche. ಓದುವ ನನಗೆ ಮೂರೂ ಆಚೆಯೇ, ಕಂಪ್ಯೂಟರಿಗೆ ಮೂರೂ ಬೇರೆ ಊರು. ದೀರ್ಘವೆಂದರೆ ದೀರ್ಘ, ಹ್ರಸ್ವವೆಂದರೆ ಹ್ರಸ್ವ, ಅಷ್ಟಾದರೂ ನಿಷ್ಠೆ ಬೇಡವೇ ಮನುಷ್ಯನಿಗೆ?

ಜನವರಿ ೧೧, ಸೋಮವಾರ

illa ಎಂಬ ಶೆಲ್ಫು ಇಲ್ಲ. ‘ಇಲ್ಲ ಸಿಗುತ್ತಿಲ್ಲ’ ಎಂದು ಪರದೆಯ ಮೇಲೆ ಬಂದ ಕೂಡಲೇ ಕಟ್ಟುವುದನ್ನು ನಿಲ್ಲಿಸುತ್ತಿದ್ದೇನೆ. ನನ್ನ ರಕ್ತದೊತ್ತಡ ನೂರೈವತ್ತಕ್ಕೆ ನೂರು.

ಜನವರಿ ೧೩, ಬುಧವಾರ

ಇಲ್ಲ ಎನ್ನುವ ಹೆಸರಿನ ಖಾಲಿ ಫೋಲ್ಡರನ್ನು ನಾನೇ ಮಾಡಿಟ್ಟೆ. ಆಗ ಬೇರೆ ತೊಂದರೆ. ಮೊದಲ ಲೈಬ್ರರಿ ಎರಡನೆಯದು ಬೇಕು ಎನ್ನುತ್ತದೆ, ಎರಡನೆಯದು ಮೊದಲನೆಯದು ಬೇಕು ಎನ್ನುತ್ತದೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು.

"ಅವರಿಗೇ ಒಂದು ಫೋನ್ ಮಾಡಿ ಕೇಳೋಕೇನು?" ಎಂದಳು ನೀರಜಾ. ಎರಡು ದಿನ ಬೇಡವೆಂದಿದ್ದೆ. ಕೆಲಸ ಕಳೆದುಕೊಂಡವನಿಗೆ ಫೋನ್ ಮಾಡಿ ಅವನದೇ ಕೆಲಸ ಕೇಳುವುದು ಚೆನ್ನಾಗಿರುವುದಿಲ್ಲ. ಇಂದು ಸಂಜೆ ಮಾಡಿದೆ.

ಸಿಪ್ರಿಯನ್ ಈಗ ಊರಿಗೆ ಮರಳಿ, ಮಂಗಳೂರಿನ ಹತ್ತಿರದ ಕಿನ್ನಿಗೋಳಿಯಲ್ಲಿ ಭಾವನ ಬೇಕರಿ ನೋಡಿಕೊಳ್ಳುತ್ತಿದ್ದಾನೆ. ಹಿಂದಿನಿಂದ ತಗಡಿನ ತಟ್ಟೆಗಳ ಸದ್ದು ಬರುತ್ತಿತ್ತು.

"ಹಾಂ ರಾಜಗೋಪಾಲರೆ, ಎಂತ ಸಿಗ್ತಾ ಇಲ್ಲ?" ಎಂದ. ಬೈಯುತ್ತಾನೆ ಎಂದುಕೊಂಡಿದ್ದೆ.

"ಇಲ್ಲ ಅನ್ನೋದು ಸಿಗ್ತಿಲ್ಲ."

"ಅದು ಸಿಗಬಾರದು ಮಾರಾಯ್ರೆ. ಅದು ಹಳೇ ಲೈಬ್ರರಿ. ತೆಗೆದು ಬಿಸಾಡಿದ ಮೇಲೆ ಇಲ್ಲ ಅಂತ ಹೆಸರಿಟ್ಟದ್ದು. ಇಲ್ಲ ಇಲ್ಲದಿದ್ರೆ ಅದು ಬೈತದೆ, ಬೈದು ಮುಂದೆ ಹೋಗ್ತದೆ. ಇಲ್ಲ ಇದ್ರೆ ಮಾತ್ರ ತೊಂದರೆ. ನೀವು ಎಲ್ಲಿಯಾದ್ರೂ ಇಲ್ಲ ಮಾಡಿದ್ದೀರಾ?"

"ಮಾಡಿದ್ದೇನೆ."

"ಅಳಿಸಿ."

ಅಳಿಸಿದೆ. ಹತ್ತು ದಿನದಿಂದ ನಿಂತಿದ್ದದ್ದು ಐದು ನಿಮಿಷ ಓಡಿ, ಈಚೆಯಲ್ಲಿ ಮತ್ತೆ ನಿಂತಿತು.

ಜನವರಿ ೨೦, ಬುಧವಾರ

ಗಿರಾಕಿಯ ಕಡೆಯಿಂದ ಆಂಡ್ರ್ಯೂ ಎಂಬ ಸಲಹೆಗಾರ ಬಂದಿದ್ದಾನೆ. ದುಬೈಯಿಂದ ಬಂದ ಬ್ರಿಟಿಷ್ ಮನುಷ್ಯ, ನಯವಾದ ಮಾತು, ಖಾಲಿ ಕುರ್ಚಿಗಳಲ್ಲಿ ದಿನಕ್ಕೊಂದರಲ್ಲಿ ಕೂರುತ್ತಾನೆ. ಫೋಲ್ಡರುಗಳ ಪಟ್ಟಿ ಕೇಳಿದ, ಕೊಟ್ಟೆ. ಆಚೆಯನ್ನು ‘ಏಕ್’ ಎಂದು ಓದಿದ. ಅವನ ಭಾಷೆಯಲ್ಲಿ ಅದಕ್ಕೆ ನೋವು ಎಂದರ್ಥ. ಇಷ್ಟು ಮುಖ್ಯವಾದ ಸಾಫ್ಟ್‌ವೇರಿಗೆ ನೋವು ಎಂದು ಯಾರೂ ಹೆಸರಿಡಲಾರರು, ಆದ್ದರಿಂದ ಇದು ಯಾವುದೋ ದೊಡ್ಡ ಹೆಸರಿನ ಮೊದಲಕ್ಷರಗಳಿರಬೇಕು ಎಂದು ತಾನೇ ತೀರ್ಮಾನಿಸಿ, ‘ಅಡ್ವಾನ್ಸ್ಡ್ ಕೆಮಿಕಲ್ ಹ್ಯಾಂಡ್ಲಿಂಗ್ ಎಂಜಿನ್’ ಎಂದು ಬರೆದುಕೊಂಡ. ನಾನು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಅಬ್ದುಲ್ಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಮಧ್ಯಾಹ್ನದ ಹೊತ್ತಿಗೆ ‘ಇಲ್ಲಿ’ಗೂ ‘ಅಲ್ಲಿ’ಗೂ ಉದ್ದನೆಯ ಹೆಸರುಗಳಾದವು. ಅಲ್ಲಿಯಿಂದ ಇಲ್ಲಿಗೆ ಮಾಹಿತಿ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಆಂಡ್ರ್ಯೂ ಕೇಳಿದ. ಬೇಗ ಎಂದೆ.

ಜನವರಿ ೨೯, ಶುಕ್ರವಾರ

ಈಗ ದಿನಾ ಸಂಜೆ ಆರಕ್ಕೆ ಫೋನು. ಊರಿನಲ್ಲಿ ಏಳೂವರೆ, ಬೇಕರಿಯಲ್ಲಿ ಕೊನೆಯ ಬನ್ನು ಒಲೆಗೆ ಹೋಗಿರುತ್ತದೆ. ಸಿಪ್ರಿಯನ್‌ಗೆ ಎಲ್ಲವೂ ಬಾಯಿಪಾಠ. ಯಾವ ಚೀಟಿಯಲ್ಲಿ ಎರಡು ಎ, ಯಾವುದರಲ್ಲಿ ಒಂದು ಎ, ಕೇಳಿದ ತಕ್ಷಣ ಹೇಳುತ್ತಾನೆ.

"ಹೀಗೆ ಬೇರೆ ಬೇರೆ ಯಾಕೆ ಬರೆದಿರಿ?" ಎಂದು ಇಂದು ಕೇಳಿಯೇಬಿಟ್ಟೆ.

"ಗಿರಾಕಿಯ ಹೆಸರು, ಬಾವಿಯ ಹೆಸರು ಫೋಲ್ಡರಿನಲ್ಲಿ ಬರಬಾರದು ಅಂತ ಆಗ ರೂಲು ಇತ್ತು ಅಲ್ವಾ. ಯಾರಿಗೂ ಅರ್ಥ ಆಗದ ಹಾಗೆ ಕನ್ನಡ ಹಾಕಿದ್ದು. ಒಂದೊಂದು ಒಂದೊಂದು ವರ್ಷ ಸೇರಿಸಿದ್ದು. ಮೂರು ವರ್ಷದ ಹಿಂದೆ ಎಷ್ಟು ಎ ಹಾಕಿದ್ದೆ ಅಂತ ಯಾರಿಗೆ ನೆನಪು?"

"ಮನೆ ಮಾತು ಕೊಂಕಣಿ ಅಲ್ವಾ ನಿಮ್ಮದು?"

"ಕೊಂಕಣಿ ಮಾತಾಡುದಕ್ಕೆ, ಪ್ರಾರ್ಥನೆಗೆ. ಬರೀಲಿಕ್ಕೆ ಕಲಿಸಿದ್ದು ಕನ್ನಡ ಶಾಲೆಯಲ್ಲಿ. ವಸ್ತು ಎಲ್ಲಿ ಉಂಟು ಅಂತ ಬರೀಬೇಕಾದ್ರೆ ನನಗೆ ಕನ್ನಡವೇ ಬರುದು."

ಬಹ್ರೈನಿನಲ್ಲಿ ಅವರಿಗೆ ಒಂದು ಕೆಲಸ ಸಿಗುವ ಹಾಗಿದೆಯಂತೆ, ಅದೂ ಎಣ್ಣೆ ಕಂಪನಿ. ಇಂಟರ್‌ವ್ಯೂ ಮುಗಿದಿದೆ, ಹಿನ್ನೆಲೆ ವಿಚಾರಣೆ ನಡೆಯುತ್ತಿದೆಯಂತೆ. ಐವತ್ತೊಂದನೆಯ ವಯಸ್ಸಿನಲ್ಲಿ ಇದು ಕೊನೆಯ ಅವಕಾಶ ಎಂದು ನಗುತ್ತಲೇ ಹೇಳಿದರು. ಭಾವನ ಬೇಕರಿಯಲ್ಲಿ ಎಷ್ಟು ದಿನ ಬನ್ನು ಎಣಿಸುವುದು ಎಂದರು.

ನಡುವಿನಲ್ಲಿ ಮಾನಸ ಬಂದು, "ಅಪ್ಪಾ, ಯು ಸೌಂಡ್ ಸೋ ಫನ್ನಿ. ಯು ಸೆಡ್ ಉಂಟು" ಎಂದಳು. ನಾನು ಹಾಗೆಲ್ಲ ಹೇಳುವುದಿಲ್ಲ.

ಫೆಬ್ರವರಿ ೭, ಭಾನುವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ವಾರದಿಂದ ಹೊಯ್ದಾಡುತ್ತಿದ್ದೇನೆ. ಒತ್ತಡ ಇಳಿಯುತ್ತಿಲ್ಲ, ಆದ್ದರಿಂದ ಬರೆಯುತ್ತೇನೆ.

ಡಿಸೆಂಬರಿನಲ್ಲಿ ಅಬ್ದುಲ್ಲಾ ನನ್ನನ್ನು ಒಳಗೆ ಕರೆದು, ಇಬ್ಬರು ಪ್ರೋಗ್ರಾಮರುಗಳಲ್ಲಿ ಒಬ್ಬರನ್ನೇ ಉಳಿಸಿಕೊಳ್ಳಬೇಕು, ಸಿಪ್ರಿಯನ್ ಕೆಲಸ ಎಷ್ಟು ಕಷ್ಟದ್ದು ಎಂದು ಕೇಳಿದರು. ‘ಯಾರು ಬೇಕಾದರೂ ಮಾಡಬಹುದು’ ಎಂದೆ. ಅಷ್ಟೇ ಹೇಳಿದ್ದು. ಸುಳ್ಳೇನೂ ಹೇಳಲಿಲ್ಲ, ಆಗ ನನಗೆ ಹಾಗೇ ಅನಿಸಿತ್ತು. ರೋಸಲಿಂಡ್ ಪಕ್ಕದಲ್ಲೇ ಕೂತು ಏನೋ ಟೈಪ್ ಮಾಡುತ್ತಿದ್ದರು. ಮರುದಿನ ಸಿಪ್ರಿಯನ್‌ಗೆ ಪತ್ರ ಹೋಯಿತು.

ನೀರಜಾಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಫೆಬ್ರವರಿ ೧೦, ಬುಧವಾರ

ಕಟ್ಟಿತು. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ, ಮೊದಲಿನಿಂದ ಕೊನೆಯವರೆಗೆ, ಎಲ್ಲೂ ನಿಲ್ಲದೆ. ಅಬ್ದುಲ್ಲಾ ಕೆಳಗಿನ ಅಂಗಡಿಯಿಂದ ಹಲ್ವಾ ತರಿಸಿದರು. ನಾನು ಮೊದಲು ಫೋನ್ ಮಾಡಿದ್ದು ಕಿನ್ನಿಗೋಳಿಗೆ, ಆಮೇಲೆ ಮನೆಗೆ. ನೀರಜಾ ಬೇಜಾರು ಮಾಡಿಕೊಳ್ಳಲಿಲ್ಲ.

ಫೆಬ್ರವರಿ ೧೬, ಮಂಗಳವಾರ

ಹಲ್ವಾ ತಿಂದದ್ದು ಬೇಗವಾಯಿತು.

ಆಂಡ್ರ್ಯೂವಿನ ಪಟ್ಟಿಯಲ್ಲಿ ಒಂದೇ ಒಂದು ಫೋಲ್ಡರಿಗೆ ದೊಡ್ಡ ಹೆಸರು ಹೊಂದದೆ ಉಳಿದಿತ್ತು: hittila_bagilu. ಅಕ್ಷರ ಬಹಳವಾಯಿತು, ಅವನಿಗೂ ಬಿಡಿಸಲು ಆಗಲಿಲ್ಲ. ಚಹಾ ಕುಡಿಯುತ್ತ ರೋಸಲಿಂಡರನ್ನು ಕೇಳಿದ. ಅವರು ಪಾಪ, ಸಹಾಯ ಮಾಡುವ ಸಂತೋಷದಲ್ಲಿ, "ಓ, ಅದು ಬ್ಯಾಕ್ ಡೋರ್ ಸರ್" ಎಂದರು.

ಆಂಡ್ರ್ಯೂ ಕಪ್ಪು ಕೆಳಗಿಟ್ಟ.

ಸಾಫ್ಟ್‌ವೇರಿನವರಿಗೆ ಹಿತ್ತಿಲ ಬಾಗಿಲು ಎಂದರೆ ಹಿತ್ತಿಲಿನ ಬಾಗಿಲಲ್ಲ. ಹೊರಗಿನವರು ಯಾರಿಗೂ ಕಾಣದಂತೆ ಒಳಗೆ ನುಗ್ಗಲು ಬೇಕೆಂದೇ ಬಿಟ್ಟ ಕಳ್ಳದಾರಿ. ಎಣ್ಣೆಬಾವಿಗಳ ಒಳಗೆ ಅಂಥ ದಾರಿ ಇದೆಯೆಂದರೆ ದೊಡ್ಡ ದೊಡ್ಡವರ ನಿದ್ದೆ ಹೋಗುತ್ತದೆ. ಒಂದು ಗಂಟೆಯಲ್ಲಿ ಗಿರಾಕಿಯ ಕಡೆಯಿಂದ ಮೂರು ಫೋನು ಬಂದವು.

"ಎಂತ ಮಾರಾಯ್ರೆ ಇದು" ಎಂದು, ಸಂಜೆ ಫೋನಿನಲ್ಲಿ ಇದನ್ನು ಕೇಳಿದ ಸಿಪ್ರಿಯನ್ ಬೇಕರಿಯಲ್ಲೇ ಕೂತುಬಿಟ್ಟರು. "ನಮ್ಮಲ್ಲಿ ನೆಟ್ ಸರಿ ಇರಲಿಲ್ಲ ಅಲ್ವಾ. ಕೆಲವು ಲೈಬ್ರರಿ ಪೆನ್‌ಡ್ರೈವಿನಲ್ಲಿ ತಂದದ್ದು. ಎದುರಿನಿಂದ ಬಾರದೆ ಹಿಂದಿನಿಂದ ಬಂದದ್ದಕ್ಕೆ ಹಿತ್ತಿಲ ಬಾಗಿಲು ಅಂತ ಬರೆದೆ. ಮೀನಿನವಳು ಬರುದು ಅಲ್ಲಿಂದಲೇ ಅಲ್ವಾ?"

ಮೀನಿನವಳ ವಿಷಯವನ್ನು ಆಂಡ್ರ್ಯೂಗೆ ಹೇಳಿ ನೋಡಿದೆ. ಅವಳ ಪೂರ್ತಿ ಹೆಸರು ಕೇಳಿದ.

ಫೆಬ್ರವರಿ ೧೭, ಬುಧವಾರ

ಸಮಿತಿಯಾಗಿದೆ. ಐದು ಜನ. ಪ್ರಶ್ನೆಗಳು ಹೀಗಿದ್ದವು: ಬಾಗಿಲು ಯಾವ ವರ್ಷ ತೆರೆಯಲಾಯಿತು? ಎಷ್ಟು ಜನ ಬಳಸಿದ್ದಾರೆ? ಕೀಲಿ ಯಾರ ಬಳಿ ಇದೆ?

ಬಾಗಿಲೇ ಇಲ್ಲ ಎಂದೆ. ಹಾಗಾದರೆ ಬಾಗಿಲು ಎಂಬ ಹೆಸರೇಕೆ ಎಂದರು. ಸರಿ, ಹೆಸರು ಬದಲಾಯಿಸುತ್ತೇನೆ ಎಂದೆ. ಸಾಕ್ಷ್ಯ ನಾಶ ಮಾಡುವಂತಿಲ್ಲ ಎಂದರು. ಕೊನೆಗೆ ಆದ ತೀರ್ಮಾನ: ಒಳಗಿರುವ ಲೈಬ್ರರಿಗಳನ್ನೆಲ್ಲ ಬೇರೆ ಕಡೆಗೆ ಸಾಗಿಸಬೇಕು. ಹಿತ್ತಿಲ ಬಾಗಿಲು ಎಂಬ ಖಾಲಿ ಫೋಲ್ಡರು ಮಾತ್ರ ಹಾಗೆಯೇ ಉಳಿಯಬೇಕು. ಅದು ಇದ್ದರೆ ತಾನೇ ಮುಚ್ಚಿದೆಯೆಂದು ದಿನಾ ಪರೀಕ್ಷಿಸಲು ಸಾಧ್ಯ.

ಅದನ್ನು ಕರೆಯುವ ಚೀಟಿಗಳು ನಲವತ್ತಮೂರು. ಕಾಗುಣಿತ ಒಂಬತ್ತು ಬಗೆ. ಕೆಲವುಗಳಲ್ಲಿ ಟಿ ಎರಡು, ಕೆಲವುಗಳಲ್ಲಿ ಟಿ ಪಕ್ಕ ಎಚ್, ಒಂದರಲ್ಲಿ ಬಾಗಿಲು ಹೋಗಿ ಬಾಗಲು ಆಗಿದೆ. ಸಿಪ್ರಿಯನ್ ಅವರು ಫೋನಿನಲ್ಲೇ ಒಂದೊಂದನ್ನೂ ಹೇಳಿ ತಿದ್ದಿಸಿದರು. ಬನ್ನು ಒಂದು ತಟ್ಟೆ ಸೀದುಹೋಯಿತಂತೆ.

ಫೆಬ್ರವರಿ ೨೧, ಭಾನುವಾರ

ಎಲ್ಲ ಮತ್ತೆ ಕಟ್ಟುತ್ತಿದೆ. ಎಲ್ಲ ಲೈಬ್ರರಿಗಳೂ ಈಗ ಒಂದೇ ಶೆಲ್ಫಿನಲ್ಲಿ, ಒಂದೇ ಕಾಗುಣಿತದಲ್ಲಿ. ಮೂರು ಪುಟದ ಟಿಪ್ಪಣಿಯನ್ನೂ ಬರೆದಿಟ್ಟಿದ್ದೇನೆ. ಓದಿದರೆ ಆಂಡ್ರ್ಯೂ ಕೂಡ ಕಟ್ಟಬಲ್ಲ.

ಉಳಿದಿರುವುದು ಒಂದು ಕಾಗದ: ಹಿತ್ತಿಲ ಬಾಗಿಲು ಮುಚ್ಚಿದ್ದಕ್ಕೆ ಪ್ರಮಾಣಪತ್ರ. ಅದು ಬಂದರೆ ಮಾತ್ರ ಕಾಂಟ್ರ್ಯಾಕ್ಟ್. ಬಾಗಿಲು ‘ತೆರೆದಿದೆ’, ‘ಮುಚ್ಚಿದೆ’ ಎಂದು ಎರಡು ಚೌಕಗಳಿವೆ. ‘ಬಾಗಿಲೇ ಇಲ್ಲ’ ಎನ್ನುವುದಕ್ಕೆ ಚೌಕವಿಲ್ಲ. ಅದರ ಕೆಳಗೆ, ‘ಬಾಗಿಲನ್ನು ತೆರೆದವರ ಹೆಸರು’. ಅದು ಖಾಲಿ ಇರುವಂತಿಲ್ಲ. ಅಲ್ಲಿ ಯಾರ ಹೆಸರು ಬರುತ್ತದೋ ಅವರು ಇನ್ನು ಗಿರಾಕಿಯ ಕೆಲಸ ಮುಟ್ಟುವಂತಿಲ್ಲ. ಆ ಹೆಸರು ಒಂದು ಪಟ್ಟಿಗೂ ಹೋಗುತ್ತದೆ. ಕೊಲ್ಲಿಯ ಬೇರೆ ಎಣ್ಣೆ ಕಂಪನಿಗಳೂ ಹೊಸಬರನ್ನು ತೆಗೆದುಕೊಳ್ಳುವ ಮುಂಚೆ ಆ ಪಟ್ಟಿ ನೋಡುತ್ತವೆ.

"ಸಿಪ್ರಿಯನ್ ಹೆಸರು ಬರಿ" ಎಂದರು ಅಬ್ದುಲ್ಲಾ. "ಅವನು ಹೇಗೂ ಹೋಗಿದ್ದಾನೆ. ನಿನ್ನ ಮಗಳು ಹತ್ತನೇ ತರಗತಿ ಅಲ್ಲವೇ? ಯಲ್ಲಾ, ಬೇಗ ಬರಿ."

ಅವರು ಒಳ್ಳೆಯದಕ್ಕೇ ಹೇಳಿದ್ದು. ಬಾಗಿಲು ತೆರೆದವರು ಎಂದು ಓದುವಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾಳೆ ಬರೆದುಕೊಡುತ್ತೇನೆ ಎಂದೆ.

ಫೆಬ್ರವರಿ ೨೨, ಸೋಮವಾರ

ಬರೆಯಲಿಲ್ಲ. ಪೆನ್ನು ಸರಿ ಇರಲಿಲ್ಲ.

ಫೆಬ್ರವರಿ ೨೩, ಮಂಗಳವಾರ

ಬರೆದುಕೊಟ್ಟೆ. ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರು ಬರೆಯಬೇಕೆಂದು ನಿಯಮ. ಸಿಪ್ರಿಯನ್ ಅವರ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಅಜ್ಜನ ಹೆಸರು, ಮನೆತನ ಎಲ್ಲ ಸೇರಿ ಒಂದು ಮೊಳ ಉದ್ದವಿದೆ. ಅದು ಆ ಚಿಕ್ಕ ಚೌಕದಲ್ಲಿ ಹಿಡಿಯುವಂತಿರಲಿಲ್ಲ. ರಾಜಗೋಪಾಲ ಎಂಬುದು ಸರಿಯಾಗಿ ಹಿಡಿಯಿತು. ಅಚ್ಚುಕಟ್ಟಾಗಿರಲಿ ಎಂದು ಅದನ್ನೇ ಬರೆದೆ.

ಅಬ್ದುಲ್ಲಾ ಕಾಗದವನ್ನು ಬಹಳ ಹೊತ್ತು ನೋಡಿದರು. "ರಾಜಾ, ಆ ಫೋಲ್ಡರು ಎರಡು ಸಾವಿರದ ಹನ್ನೊಂದರದ್ದು. ನೀನು ಬಂದದ್ದು ಹದಿಮೂರರಲ್ಲಿ."

"ಹೌದು."

"ನೀನಿಲ್ಲದೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?"

"ಟಿಪ್ಪಣಿ ಉಂಟು" ಎಂದೆ.

ಅವರು ಕಿಟಕಿಯ ಹತ್ತಿರ ಹೋಗಿ ಕೆಳಗಿನ ರಸ್ತೆಯನ್ನು ನೋಡುತ್ತ ನಿಂತರು. ವಾಪಸು ಬಂದು ಮೊಹರು ಒತ್ತಿದರು. ಆಂಡ್ರ್ಯೂ ನನ್ನ ಕೈ ಕುಲುಕಿ, ಇಷ್ಟು ಪ್ರಾಮಾಣಿಕ ಮನುಷ್ಯರು ಈಗ ಸಿಗುವುದಿಲ್ಲ ಎಂದ. ಗುರುವಾರ ನನ್ನ ಕೊನೆಯ ದಿನ.

ಫೆಬ್ರವರಿ ೨೫, ಗುರುವಾರ

ಸಾಫ್ಟ್‌ವೇರ್ ಗಿರಾಕಿಗೆ ಹೋಯಿತು. ಕಾಂಟ್ರ್ಯಾಕ್ಟ್ ಬಂತು. ನಾನು ಮಧ್ಯಾಹ್ನವೇ ಮನೆಗೆ ಬಂದೆ.

ಊಟಕ್ಕೆ ಕೂತಾಗ ಇಬ್ಬರಿಗೂ ಹೇಳಿದೆ. ಮಾನಸ ಮೊದಲು, "ಬಟ್ ಯು ಡಿಡ್ನ್ಟ್ ಡೂ ಇಟ್" ಎಂದಳು. ಆಮೇಲೆ ಎದ್ದು ರೂಮಿಗೆ ಹೋದಳು. ಬಾಗಿಲು ಹಾಕಿಕೊಂಡು ಅತ್ತದ್ದು ಕೇಳಿಸುತ್ತಿತ್ತು. ತಪ್ಪು ಮಾಡಿದೆನೆಂದು ಆಗ ನಿಜಕ್ಕೂ ಅನಿಸಿತು. ಈಗಲೂ ಅನಿಸುತ್ತಿದೆ. ನೀರಜಾ ಹೋಗಿ ಪಕ್ಕದಲ್ಲಿ ಕೂತು, ಸಂಜೆಯ ಹೊತ್ತಿಗೆ ಹೊರಗೆ ಬಂದಳು. ಮೈಸೂರಿನಲ್ಲಿ ಇದೇ ಬೋರ್ಡಿನ ಶಾಲೆಗಳಲ್ಲಿ ವಿಚಾರಿಸಲು ಅವಳ ತಮ್ಮನಿಗೆ ಆಗಲೇ ಹೇಳಿದ್ದಾಳಂತೆ. ಕಷ್ಟ ಎಂದನಂತೆ, ಆಗುವುದಿಲ್ಲ ಎನ್ನಲಿಲ್ಲವಂತೆ.

ಆಗ ಡಿಸೆಂಬರಿನದ್ದನ್ನೂ ಹೇಳಿದೆ. ‘ಯಾರು ಬೇಕಾದರೂ ಮಾಡಬಹುದು’ ಎಂದದ್ದನ್ನು, ಅದೇ ಮಾತಿನಲ್ಲಿ. ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿದಳು.

"ನೀವು ಹೆಸರು ಬರೆದ ವಿಷಯ ಅವರಿಗೆ ಗೊತ್ತಾ?"

"ಇಲ್ಲ. ಹೇಳಬೇಕೂಂತಿದ್ದೆ."

"ಇದನ್ನ ಹೇಳ್ಬೇಡಿ" ಎಂದಳು. "ಅದನ್ನ, ಆ ಡಿಸೆಂಬರಿನದ್ದನ್ನ ಹೇಳಿ."

ಫೆಬ್ರವರಿ ೨೬, ಶುಕ್ರವಾರ

ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದೆ. ಸಿಪ್ರಿಯನ್ ಅವರ ದನಿ ತುಂಬ ಹಗುರವಾಗಿತ್ತು. ಬಹ್ರೈನಿನಿಂದ ನಿನ್ನೆ ಸಂಜೆ ಪತ್ರ ಬಂದಿದೆಯಂತೆ, ವಿಚಾರಣೆಯಲ್ಲಿ ಏನೂ ಸಿಗಲಿಲ್ಲವಂತೆ. ಸಂತೋಷ ಎಂದೆ.

"ಎಂತ, ಮತ್ತೆ ಕಟ್ತಾ ಇಲ್ವಾ?" ಎಂದರು.

ಅದಕ್ಕಲ್ಲ ಎಂದು ಹೇಳಿ, ಹೇಳಬೇಕಾದ್ದನ್ನು ಹೇಳಿದೆ. ಅಬ್ದುಲ್ಲಾ ಕೇಳಿದ್ದು, ನಾನು ಅಂದದ್ದು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಆ ಕಡೆಯಿಂದ ತಟ್ಟೆಗಳ ಸದ್ದು ನಿಂತಿತು.

"ಅದು ನನಗೆ ಡಿಸೆಂಬರಲ್ಲೇ ಗೊತ್ತುಂಟು ಮಾರಾಯ್ರೆ" ಎಂದರು. "ರೋಸಲಿಂಡ್ ಅದೇ ದಿನ ಹೇಳಿದ್ದಾಳೆ."

ಜನವರಿ ಹದಿಮೂರರಿಂದ ಲೆಕ್ಕ ಹಾಕಿದೆ. ದಿನಾ ಸಂಜೆ, ಎರಡು ಎ, ಒಂದು ಎ. ಗೊತ್ತಿದ್ದೂ ಹೇಳಿಕೊಟ್ಟಿದ್ದರು.

ಅವರೇ ಕೇಳಿದರು: "ಮತ್ತೆ? ಬೇರೆ ಎಂತಾದ್ರೂ ಬೇಕಿತ್ತಾ?"